ಮೈಸೂರು ಶೈಲಿ ಚಿತ್ರ ಬರೆಸ್ತೀರಾ? ಜಗಳ ಎಲ್ಲಾ ಸ್ಕೆಚ್‌ನಲ್ಲೇ ಮುಗಿಸ್ಕೊಳ್ಳಿ

ಗೃಹಪ್ರವೇಶಕ್ಕೆ ಇನ್ನು ಮೂರು ವಾರ ಇದೆ ಅನ್ನೋವಾಗ ಕಲಾವಿದರಿಗೆ ಫೋನ್ ಮಾಡಿ "ದೇವ್ರಮನೆಗೆ ದೊಡ್ಡದೊಂದು ರಾಮಪಟ್ಟಾಭಿಷೇಕ ಬೇಕು ಸಾರ್, ಚಿನ್ನದ ಕೆಲಸ ಇರೋದು" ಅಂತ ಕೇಳೋರನ್ನ ನೋಡಿ ನೋಡಿ ಸಾಕಾಗಿದೆ. ಪಟ್ಟಾಭಿಷೇಕ ಅಂದ್ರೆ ರಾಮ ಸೀತೆ ಇಬ್ಬರೇ ಅಲ್ಲ ಸ್ವಾಮಿ, ತಮ್ಮಂದಿರು ಮೂವರು, ಹನುಮಂತ, ವಸಿಷ್ಠರು, ಸುಗ್ರೀವ, ವಿಭೀಷಣ, ಜಾಂಬವಂತ ಎಲ್ಲರೂ ಬರಬೇಕು, ಒಬ್ಬೊಬ್ಬರ ಕಿರೀಟಕ್ಕೂ ಕುಸುರಿ ಕೆಲಸ ಇದೆ. ಮೂರು ವಾರದಲ್ಲಿ ಸಿಗೋದು ಪ್ರಿಂಟ್ ಮೇಲೆ ಗೋಲ್ಡ್ ಪೇಂಟ್ ಸವರಿದ ಮಾಲು ಅಷ್ಟೇ. (ಅನುಮಾನ ಇದ್ರೆ ಭೂತಗನ್ನಡಿ ಹಿಡಿದು ಮುಖ ನೋಡಿ, ಸಣ್ಣ ಸಣ್ಣ ಚುಕ್ಕೆ ಕಂಡ್ರೆ ಅದು ಪ್ರಿಂಟು.) ತಿಂಗಳುಗಟ್ಟಲೆ ಟೈಮ್ ಇದ್ರೆ ಮಾತ್ರ ಮುಂದೆ ಓದಿ.

ಹಂತ 1: ನಿಮಗೆ ಬೇಕಿರೋದು ಮೈಸೂರೋ ತಂಜಾವೂರೋ ಅಂತ ಮೊದಲು ಗೊತ್ತಿರಲಿ. ಅಂಗಡಿಯವರು ಎರಡನ್ನೂ ಒಂದೇ ಗೋಡೆಗೆ ನೇತುಹಾಕಿ ಒಂದೇ ಹೆಸರಲ್ಲಿ ಮಾರ್ತಾರೆ. ತಂಜಾವೂರಿನದ್ದು ದಪ್ಪ ಉಬ್ಬು, ಗಾಜಿನ ಕಲ್ಲು ಕೂರಿಸಿರ್ತಾರೆ, ದೂರದಿಂದಲೇ ಹೊಳೆಯುತ್ತೆ. ಮೈಸೂರಿನದ್ದು ಗೆಸ್ಸೊ (ಉಬ್ಬು ಬರಿಸೋಕೆ ಹಾಕೋ ಬಿಳಿ ಲೇಪ) ತೆಳು, ಗೆರೆ ಸೂಕ್ಷ್ಮ, ಹತ್ತಿರ ಹೋಗಿ ನಿಂತ್ರೆ ಮಾತ್ರ ಅದರ ಕೆಲಸ ಕಾಣೋದು. ನನ್ನ ಕೇಳಿದ್ರೆ ಮನೆಗೆ ಮೈಸೂರೇ ಸರಿ. ಮೈಸೂರಿನ ಜಗನ್ಮೋಹನ ಅರಮನೆ ಗ್ಯಾಲರಿಗೆ ಹೋಗಿ ಹಳೇ ಚಿತ್ರಗಳನ್ನ ನಿಧಾನಕ್ಕೆ ನೋಡಿ ಬನ್ನಿ, ಆಮೇಲೆ ಅಂಗಡಿ ಮಾಲು ನಿಮ್ಮನ್ನ ಅಷ್ಟು ಸುಲಭಕ್ಕೆ ಮೋಸ ಮಾಡಲ್ಲ.

ಹಂತ 2: ಕಲಾವಿದರನ್ನ ಹುಡುಕಿ. ಬೆಂಗಳೂರಲ್ಲಿ ಜನವರಿಲಿ ಚಿತ್ರಕಲಾ ಪರಿಷತ್ತಿನವರು ಕುಮಾರಕೃಪಾ ರಸ್ತೇಲಿ ಮಾಡೋ ಚಿತ್ರಸಂತೇಲಿ ಸುಮಾರು ಜನ ಒಟ್ಟಿಗೆ ಸಿಗ್ತಾರೆ. ಮುಗಿದಿರೋ ಚಿತ್ರದ ಜೊತೆ ಅರ್ಧಕ್ಕೆ ನಿಂತಿರೋದನ್ನೂ ತೋರಿಸಿ ಅಂತ ಕೇಳಿ, ಕೈ ಗೊತ್ತಾಗೋದು ಅಲ್ಲೇ. ಇನ್‌ಸ್ಟಾಗ್ರಾಂ ಫೋಟೋ ನಂಬಿ ದುಡ್ಡು ಕಳಿಸ್ಬೇಡಿ.

ಹಂತ 3: ಸ್ಕೆಚ್. ಎಲ್ಲರೂ ಎಡವೋದು ಇಲ್ಲೇ, ಹಂಗಾಗಿ ಸ್ವಲ್ಪ ಉದ್ದಕ್ಕೆ ಹೇಳ್ತೀನಿ.

ಈ ಶೈಲೀಲಿ ಕೆಲಸ ನಡೆಯೋ ಕ್ರಮ ಹೀಗೆ. ಹಲಗೆ ಮೇಲೆ ಅಂಟಿಸಿದ ಕಾಗದದ ಮೇಲೆ ಮೊದಲು ರೇಖಾಚಿತ್ರ, ಆಮೇಲೆ ಒಡವೆ, ಕಿರೀಟ, ಸೀರೆ ಅಂಚು, ಪ್ರಭಾವಳಿ ಎಲ್ಲೆಲ್ಲಿ ಉಬ್ಬು ಬೇಕೋ ಅಲ್ಲೆಲ್ಲ ಬಿಳಿ ಪುಡಿ ಮತ್ತು ಗೋಂದು ಕಲಸಿದ ಗೆಸ್ಸೊ ಗೆರೆ, ಅದು ಒಣಗಿದ ಮೇಲೆ ಚಿನ್ನದ ಹಾಳೆ, ಬಣ್ಣ ಬರೋದು ಅದಾದ ಮೇಲೆ. ಅಂದ್ರೆ ಗೆಸ್ಸೊ ಶುರುವಾದ್ಮೇಲೆ ನೀವು "ಆ ಕೈ ಒಂಚೂರು ಮೇಲೆ ಎತ್ತಿ" ಅಂದ್ರೆ ಅದನ್ನ ಕೆರೆದು ತೆಗೀಬೇಕು, ಕೆರೆದ್ರೆ ಕಾಗದ ಏಳುತ್ತೆ, ಅಲ್ಲಿಗೆ ಬೋರ್ಡೇ ಹೋಯ್ತು.

ಅದಕ್ಕೇ ಪೂರ್ತಿ ಸೈಜಿನ ಪೆನ್ಸಿಲ್ ಸ್ಕೆಚ್ಚನ್ನ ಎದುರಿಗೆ ಕೂತು ನೋಡಿ, ಮೊಬೈಲಲ್ಲಿ ನೋಡಿ ಓಕೆ ಅನ್ಬೇಡಿ. ದೂರದಲ್ಲಿದ್ರೆ ಅದೇ ಅಳತೇಲಿ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಆಮೇಲೆ ಒಂದೊಂದೇ ನೋಡ್ಕೊಂಡು ಬನ್ನಿ. ಕೈ ಎಷ್ಟು, ಯಾವ ಕೈಲಿ ಏನಿದೆ, ದೇವಿ ನಿಂತಿದಾಳಾ ಕೂತಿದಾಳಾ, ವಾಹನ ಯಾವ ಕಡೆ ಮುಖ ಮಾಡಿದೆ. ಗಣಪತಿ ಆದ್ರೆ ಸೊಂಡಿಲು ಎಡಕ್ಕಾ ಬಲಕ್ಕಾ ಅಂತ ಈಗಲೇ ತೀರ್ಮಾನ ಆಗ್ಬೇಕು, ಚಿನ್ನ ಅಂಟಿಸಿದ ಮೇಲೆ ಅಜ್ಜಿ ಬಂದು "ಅಯ್ಯೋ ಬಲಮುರೀನಾ, ಅದಕ್ಕೆ ಮಡಿ ಜಾಸ್ತಿ ಕಣೋ, ನಿಮ್ಮ ಕೈಲಿ ಎಲ್ಲಾಗುತ್ತೆ" ಅಂದ್ರೆ ಯಾರ ಹತ್ರನೂ ಉತ್ತರ ಇರಲ್ಲ.

ಅಯ್ಯಂಗಾರ್ ಮನೆಯವರು ನಾಮದ ವಿಷಯ ಬಾಯಿಬಿಟ್ಟು ಹೇಳಿ. ಅವರಲ್ಲಿ ಎರಡು ಪಂಗಡ, ವಡಗಲೆಗೆ ಕೆಳಗೆ ದುಂಡು, ತೆಂಗಲೆಗೆ ಮೂಗಿನ ಮೇಲೆ ಪಾದ ಇಳಿಯುತ್ತೆ, ಕಲಾವಿದರು ತಮಗೆ ಅಭ್ಯಾಸ ಇರೋದನ್ನ ಬರೆದುಬಿಡ್ತಾರೆ, ಆಮೇಲೆ ಬೀಗರು ಬಂದಾಗ ಎಲ್ಲರ ಕಣ್ಣು ಅಲ್ಲಿಗೇ ಹೋಗೋದು. ಒಳ್ಳೇ ಕಲಾವಿದರು ದೇವರ ರೂಪ ಹೇಳೋ ಧ್ಯಾನಶ್ಲೋಕ ನೋಡ್ಕೊಂಡೇ ಆಯುಧ, ಮುದ್ರೆ ಹಾಕ್ತಾರೆ, ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿ ಅನ್ನೋ ಗ್ರಂಥದಲ್ಲಿ ಶ್ಲೋಕದ ಜೊತೆ ಚಿತ್ರಾನೂ ಇದೆ. ಪಿಂಟರೆಸ್ಟಿಂದ ಹತ್ತು ಫೋಟೋ ಕಳಿಸಿ "ಇದರ ಮುಖ, ಅದರ ಸೀರೆ, ಇನ್ನೊಂದರ ಮಂಟಪ" ಅಂತ ಅವರ ತಲೆ ಕೆಡಿಸ್ಬೇಡಿ. ಎಐ ಚಿತ್ರ ಅಂತೂ ಬೇಡವೇ ಬೇಡ, ಅದರಲ್ಲಿ ಬೆರಳು ಎಣಿಸಿ ನೋಡಿ ಒಂದ್ಸಲ.

ಮನೇಲಿ ಒಪ್ಪಿಗೆ ಕೊಡೋರು ಒಬ್ಬರೇ ಇರಲಿ. ಅತ್ತೆ ಒಂದು, ಭಾವ ಒಂದು ಫೋನಲ್ಲಿ ಹೇಳಿದ್ರೆ ಕಲಾವಿದರು ಯಾರ ಮಾತು ಕೇಳ್ಬೇಕು? ಎಲ್ಲಾ ಕೂತು ಜಗಳ ಆಡಿ, ಮುಗಿದ ಮೇಲೆ ಒಬ್ಬರು ವಾಟ್ಸಾಪಲ್ಲಿ ಬರೆದು ಕಳಿಸಿ.

ಹಂತ 4: ದುಡ್ಡು. ಒಪ್ಪಿದಾಗ ಮೂರನೇ ಒಂದು ಭಾಗ, ಚಿನ್ನದ ಕೆಲಸ ಮುಗಿದಾಗ ಇನ್ನೊಂದು, ಕೈಗೆ ಬಂದಾಗ ಉಳಿದಿದ್ದು. ಪೂರ್ತಿ ಅಡ್ವಾನ್ಸ್ ಕೇಳೋರ ಹತ್ರ ಬರೆಸ್ಬೇಡಿ, ಅಡ್ವಾನ್ಸೇ ಕೊಡಲ್ಲ ಅನ್ನೋರು ಬರೆಸೋಕೇ ಹೋಗ್ಬೇಡಿ. ಫ್ರೇಮ್ ಸೇರಿದೆಯಾ ಇಲ್ವಾ, ಚಿನ್ನದ ರೇಟ್ ಏರಿದ್ರೆ ಯಾರ ತಲೆ ಮೇಲೆ, ಎಲ್ಲಾ ಮೊದಲೇ ಬರೆದಿಟ್ಕೊಳ್ಳಿ. ಇನ್ನೊಂದು, ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ದುಡ್ಡು ಕೊಟ್ಟು ಬರೆಸಿದ ಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ರೆ, ಬರೆಸಿದವರದ್ದೇ. ಹಾಗಂತ ಮೂಲೇಲಿರೋ ಸಹಿ ತೆಗೀರಿ ಅನ್ಬೇಡಿ, ಬರೆದವರ ಹೆಸರಿನ ಹಕ್ಕು ಅವರದ್ದೇ.

ಹಂತ 5: ಚಿನ್ನ ಅಂಟಿಸಿದ ಮೇಲೆ, ಬಣ್ಣ ಹಾಕೋಕೆ ಮುಂಚೆ, ಒಂದ್ಸಲ ಹೋಗಿ ನೋಡಿ. ಇಮಿಟೇಶನ್ ಫಾಯಿಲ್ ಅಂದ್ರೆ ತಾಮ್ರ ಸತುವಿನ ಮಿಶ್ರಣ, ಹೊಸದಾಗಿದ್ದಾಗ ಅಸಲಿಗಿಂತ ಜಾಸ್ತಿ ಫಳಫಳ ಅನ್ನುತ್ತೆ, ವರ್ಷ ಕಳೆದಂತೆ ತೇವಕ್ಕೆ ಕಪ್ಪಾಗಿ ಹಸಿರು ತಿರುಗುತ್ತೆ. ಫಾಯಿಲ್ ಕೊಂಡ ಬಿಲ್ ತೋರಿಸಿ ಅಂತ ಕೇಳೋದ್ರಲ್ಲಿ ನಾಚಿಕೆ ಏನಿಲ್ಲ. ಕೆಲವರು ಮೈಸೂರು ಸಾಂಪ್ರದಾಯಿಕ ಚಿತ್ರಕ್ಕೆ ಜಿಐ ಟ್ಯಾಗ್ (ಇಂಥ ಊರಿನ ಮಾಲು ಅನ್ನೋ ಸರ್ಕಾರಿ ಗುರುತು) ಇದೆ ಅಂತ ಹೇಳಿ ಮಾತು ತಿರುಗಿಸ್ತಾರೆ, ಆ ಟ್ಯಾಗಿಗೂ ಈ ಹಾಳೆ ಅಸಲಿಯೋ ಅಲ್ವೋ ಅನ್ನೋದಕ್ಕೂ ಸಂಬಂಧ ಇಲ್ಲ.

ಹಂತ 6: ಬಣ್ಣ. ಸುಮ್ನಿರಿ. ದಿನಾ ಫೋಟೋ ಕೇಳ್ಬೇಡಿ.

ಹಂತ 7: ಫ್ರೇಮ್ ಮತ್ತು ಜಾಗ. ಲ್ಯಾಮಿನೇಶನ್ ಮಾಡಿಸಿದ್ರೆ ಮುಗೀತು ಕಥೆ, ಗಾಜೇ ಹಾಕಿಸಿ, ಅದೂ ಚಿತ್ರಕ್ಕೆ ತಾಗದ ಹಾಗೆ ನಡುವೆ ಸ್ವಲ್ಪ ಜಾಗ ಬಿಟ್ಟು. ಗೋಡೆ ಅಳತೆ ಕೊಡುವಾಗ ಫ್ರೇಮಿನ ಅಗಲ ಸೇರಿಸಿ ಲೆಕ್ಕ ಹಾಕಿ, ಮರೆತ್ರೆ ದೇವ್ರಮನೆ ಬಾಗಿಲಲ್ಲೇ ಒಳಗೆ ಹೋಗಲ್ಲ. ದೀಪದ ನೇರ ಮೇಲೆ ಬೇಡ, ಕರ್ಪೂರದ ಹೊಗೆ ಹೊಡೆಯುತ್ತೆ. ಮಲೆನಾಡಿನ ಕಡೆ ಮಳೆ ಬಡಿಯೋ ಹೊರಗೋಡೆಗೂ ಬೇಡ, ತೇವ ಹಿಂದಿಂದ ಏರಿ ಕಾಗದ ಉಬ್ಬುತ್ತೆ. ಕೊರಿಯರಲ್ಲಿ ತರಿಸೋದಾದ್ರೆ ಗಾಜಿಲ್ದೆ ತರಿಸಿ, ಗಾಜನ್ನ ನಿಮ್ಮೂರಲ್ಲೇ ಹಾಕಿಸ್ಕೊಳ್ಳಿ.