ಹಗ್ಗದ ಮೇಲೆ ಲೆಕ್ಕ ಬರೆದಿದೆ, ಕೊಂಬೆಯ ಮೇಲೆ ಬರೆದಿಲ್ಲ: ಮರ ಹತ್ತುವಾಗ ಆಂಕರ್ ಕಟ್ಟುವುದು ಹೇಗೆ?

ಮರ ಹತ್ತಲೆಂದೇ ತಯಾರಿಸಿದ ಹಗ್ಗದ ತುದಿಯಲ್ಲಿ ಒಂದು ಚೀಟಿ ಇರುತ್ತದೆ. ಎಷ್ಟು ಭಾರಕ್ಕೆ ಹಗ್ಗ ಹರಿಯುತ್ತದೆ ಎಂದು ಅದರಲ್ಲಿ ಬರೆದಿರುತ್ತಾರೆ. ಸಾಮಾನ್ಯವಾಗಿ 22ರಿಂದ 24 ಕಿಲೋನ್ಯೂಟನ್, ಕೆಲವಕ್ಕೆ ಇನ್ನೂ ಜಾಸ್ತಿ. ಅಂದರೆ ಎರಡು ಟನ್ನಿಗಿಂತ ಹೆಚ್ಚು ಭಾರ. ಹಗ್ಗ ಸಿಕ್ಕಿಸುವ ಲೋಹದ ಕೊಂಡಿ, ಅಂದರೆ ಕ್ಯಾರಬಿನರ್ ಮೇಲೂ ಅಂಥದೇ ಸಂಖ್ಯೆ ಕೊರೆದಿರುತ್ತದೆ. ಆದರೆ ಇವೆಲ್ಲ ನೇತಾಡುವುದು ಒಂದು ಕೊಂಬೆಗೆ ಅಲ್ವಾ? ಹೀಗೆ ಹಗ್ಗವನ್ನು ಮರಕ್ಕೆ ಭದ್ರ ಮಾಡುವುದನ್ನೇ ಆಂಕರ್ ಎನ್ನುತ್ತಾರೆ. ಆ ಕೊಂಬೆಯ ಮೇಲೆ ಯಾರೂ ಏನೂ ಬರೆದಿಲ್ಲ. ಅದನ್ನು ನೀವೇ ಓದಿಕೊಳ್ಳಬೇಕು.

ಹೊಸದಾಗಿ ಕಲಿಯುವವರು ಮೊದಲು ಗಂಟುಗಳ ಬಗ್ಗೆ ಕೇಳುತ್ತಾರೆ. ಗಂಟು ಮುಖ್ಯವೇ. ಆದರೆ ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಮೂರು ಮಾತುಗಳಿವೆ. ಹಗ್ಗ ಎಲ್ಲಿ ಕೂರುತ್ತದೆ? ಅಲ್ಲಿ ಎಷ್ಟು ಭಾರ ಬೀಳುತ್ತದೆ? ಆ ಭಾರ ಕೊಂಬೆಯನ್ನು ಯಾವ ಕಡೆ ಎಳೆಯುತ್ತದೆ? ಈ ಮೂರಕ್ಕೂ ಉತ್ತರ ಕಾಲು ನೆಲದ ಮೇಲಿದ್ದಾಗಲೇ ಸಿಗಬೇಕು. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಇದು ಓದಿ ಮುಗಿಸಿ ಒಬ್ಬರೇ ಹೋಗಿ ಮಾಡುವ ಕೆಲಸವಲ್ಲ. ಮೊದಲ ಹತ್ತಾರು ಸಲ ಚೆನ್ನಾಗಿ ಬಲ್ಲವರು ಪಕ್ಕದಲ್ಲಿರಲೇಬೇಕು.

ಮೊದಲು ಮರದ ಸುತ್ತ ಒಂದು ಸುತ್ತು

ಹಗ್ಗ ಚೀಲದಲ್ಲೇ ಇರಲಿ. ಬುಡದಿಂದ ಶುರು ಮಾಡಿ. ಬೇರು ಎದ್ದು ಮಣ್ಣು ಬಿರುಕು ಬಿಟ್ಟಿದೆಯೇ? ಬೊಡ್ಡೆಯ ಸುತ್ತ ಅಣಬೆ ಎದ್ದಿದೆಯೇ? ಬೊಡ್ಡೆಗೆ ಅಂಟಿಕೊಂಡು ಬೆಳೆದ ಅಣಬೆ ಕಂಡರೆ ಒಳಗೆ ಮರ ಕೊಳೆಯುತ್ತಿರಬಹುದು. ಕಾಂಡವನ್ನು ಮರದ ಸುತ್ತಿಗೆಯಿಂದ ತಟ್ಟಿ ನೋಡಿ. ಗಟ್ಟಿ ಮರಕ್ಕೂ ಪೊಳ್ಳು ಮರಕ್ಕೂ ಸದ್ದು ಬೇರೆ ಬೇರೆ. ಕಿವಿಗೆ ಬೇಗ ಅಭ್ಯಾಸವಾಗುತ್ತದೆ.

ಆಮೇಲೆ ತಲೆ ಎತ್ತಿ. ಬೈನಾಕ್ಯುಲರ್ ಇದ್ದರೆ ಒಳ್ಳೆಯದು. ಒಣಗಿದ ಟೊಂಗೆ, ಮುರಿದು ನಡುವೆ ಸಿಕ್ಕಿಕೊಂಡ ಕೊಂಬೆ, ಸೀಳು, ಪೊಟರೆ, ಜೇನುಗೂಡು, ಎಲ್ಲವನ್ನೂ ಹುಡುಕಿ. ಮರದೊಳಗೆ ಅಥವಾ ಹತ್ತಿರದಲ್ಲಿ ವಿದ್ಯುತ್ ತಂತಿ ಹಾದುಹೋಗಿದ್ದರೆ ಆ ಮರವನ್ನು ಬಿಟ್ಟುಬಿಡಿ. ಒದ್ದೆ ಹಗ್ಗದಲ್ಲೂ ಹಸಿ ಕೊಂಬೆಯಲ್ಲೂ ಕರೆಂಟ್ ಹರಿಯುತ್ತದೆ. ಜೋರು ಗಾಳಿ ಇದ್ದರೆ ಅವತ್ತು ಹತ್ತುವುದೇ ಬೇಡ.

ಯಾವ ಕವಲು?

ಆಂಕರ್‌ಗೆ ಹಸಿ ಮರವೇ ಆಗಬೇಕು. ಹಗ್ಗ ಕೂರುವ ಜಾಗದಲ್ಲಿ ಕೊಂಬೆ ಕನಿಷ್ಠ 10 ಸೆಂಟಿಮೀಟರ್ ದಪ್ಪ ಇರಲಿ. ಇದು ರೂಢಿಯಲ್ಲಿರುವ ಅಂದಾಜು, ಅಷ್ಟೇ. ಮೆದು ಜಾತಿಯ ಮರವಾದರೆ ಇನ್ನೂ ದಪ್ಪ ಬೇಕು.

ದಪ್ಪದಷ್ಟೇ ಮುಖ್ಯ, ಕಾಂಡದಿಂದ ಎಷ್ಟು ದೂರ ಎಂಬುದು. ಕೊಂಬೆಯ ತುದಿಗೆ ಹೋದಷ್ಟೂ ಅದೇ ಭಾರ ಬುಡವನ್ನು ಹೆಚ್ಚು ಜೋರಾಗಿ ಮುರಿಯಲು ನೋಡುತ್ತದೆ, ಹಾರೆಯಿಂದ ಕಲ್ಲು ಮೀಟಿದ ಹಾಗೆ. ಹಾಗಾಗಿ ಹಗ್ಗ ಕವಲಿನೊಳಗೆ, ಕಾಂಡಕ್ಕೆ ತಾಗಿಕೊಂಡೇ ಕೂರಬೇಕು. ಸಾಧ್ಯವಿದ್ದರೆ ಹಗ್ಗ ಕಾಂಡವನ್ನು ಬಳಸಿ ಬಂದು ಕೊಂಬೆಯ ಮೇಲೆ ಕೂರಲಿ. ಆಗ ಕೊಂಬೆ ಕೈಕೊಟ್ಟರೂ ಹಗ್ಗ ಕಾಂಡವನ್ನು ಬಿಡುವುದಿಲ್ಲ. ಒಂದಷ್ಟು ಜಾರಿ ಕೆಳಗಿನ ಕವಲಿಗೆ ಸಿಕ್ಕಿಕೊಳ್ಳುತ್ತದೆ.

ಕವಲಿನ ಆಕಾರವನ್ನೂ ನೋಡಿ. ಅಗಲವಾಗಿ, ಬಟ್ಟಲಿನ ಹಾಗೆ ತೆರೆದುಕೊಂಡ ಕವಲು ಸಾಮಾನ್ಯವಾಗಿ ಗಟ್ಟಿ. ಎರಡು ಕಾಂಡಗಳು ಒಂದಕ್ಕೊಂದು ಒತ್ತಿಕೊಂಡು ಬೆಳೆದ ಕಿರಿದಾದ ಕವಲಿನಲ್ಲಿ ತೊಗಟೆ ಒಳಗೇ ಮಡಿಚಿಕೊಂಡಿರುತ್ತದೆ. ಮೇಲಿಂದ ಒಂದೇ ಮರದಂತೆ ಕಾಣುತ್ತದೆ, ಒಳಗೆ ಮರ ಮರಕ್ಕೆ ಕೂಡಿಕೊಂಡೇ ಇರುವುದಿಲ್ಲ. ಇಂಥ ಕವಲು ಸೀಳಿಕೊಳ್ಳುವುದು ಬೇಗ. ಕಿರಿದಾದ ಕವಲಲ್ಲಿ ಹಗ್ಗ ಸಿಕ್ಕಿಬೀಳುವುದೂ ಉಂಟು.

ಎತ್ತರದ ಆಸೆ ಇಲ್ಲಿ ಬೇಡ. ಮೇಲಿನ ಸಣ್ಣ ಕವಲಿಗಿಂತ ಮೂರು ಮೀಟರ್ ಕೆಳಗಿನ ದಪ್ಪ ಕವಲೇ ಮೇಲು. ಅಲ್ಲಿಗೆ ಹತ್ತಿ, ಕೈಯಿಂದ ಮುಟ್ಟಿ ನೋಡಿ, ಆಮೇಲೆ ಮೇಲಕ್ಕೆ ಸಾಗಬಹುದು.

ಹಗ್ಗ ಮೇಲಕ್ಕೆ ಹೋಗುವುದು

ಮೊದಲು ಹೋಗುವುದು ಸುಮಾರು 2 ಮಿಲಿಮೀಟರ್ ದಪ್ಪದ ನುಣುಪು ದಾರ. ಅದರ ತುದಿಗೆ 280ರಿಂದ 450 ಗ್ರಾಂ ತೂಕದ ಪುಟ್ಟ ಚೀಲ. ಇದನ್ನು ಥ್ರೋ ಲೈನ್ ಎನ್ನುತ್ತಾರೆ. ಚೀಲವನ್ನು ತೂಗಿ ತೂಗಿ ಗುರಿ ಇಟ್ಟು ಎಸೆದು ಕವಲು ದಾಟಿಸಬೇಕು. ಎಸೆಯುವಾಗ ಸುತ್ತ ಯಾರೂ ಇರಬಾರದು. ಚೀಲ ಮೇಲೆ ಸಿಕ್ಕಿಕೊಂಡರೆ ದಾರವನ್ನು ಕೈಗೆ ಸುತ್ತಿಕೊಂಡು ಜಗ್ಗಬೇಡಿ. ಬಿಟ್ಟುಕೊಂಡಾಗ ಅದು ನೇರ ಮುಖಕ್ಕೇ ಬರುತ್ತದೆ. ಪಕ್ಕಕ್ಕೆ ಸರಿದು ನಿಧಾನವಾಗಿ ಎಳೆಯಿರಿ.

ದಾರ ಸರಿಯಾದ ಕವಲಲ್ಲಿ ಕೂತ ಮೇಲೆ ಅದಕ್ಕೆ ಹಗ್ಗದ ತುದಿ ಕಟ್ಟಿ ಎಳೆದುಕೊಳ್ಳಿ. ಹತ್ತುವ ಹಗ್ಗ ಸಾಮಾನ್ಯವಾಗಿ 11ರಿಂದ 13 ಮಿಲಿಮೀಟರ್ ದಪ್ಪ. ಜಾಸ್ತಿ ಹಿಗ್ಗದ ಬಗೆಯದು. ಸಾಮಾನು ಕಟ್ಟುವ ಹಗ್ಗ, ಬಾವಿಯ ಹಗ್ಗ, ಇವನ್ನು ಇಲ್ಲಿಗೆ ತರಲೇಬೇಡಿ.

ಭಾರದ ಲೆಕ್ಕ

ಇಲ್ಲಿ ಸ್ವಲ್ಪ ನಿಂತು ಓದಿ. ಆಂಕರ್‌ನಲ್ಲಿ ಮುಖ್ಯವಾಗಿ ಮೂರು ಬಗೆ. ಮೂರರಲ್ಲೂ ಹತ್ತುವವರು ಒಬ್ಬರೇ, ಹಗ್ಗ ಒಂದೇ, ಕವಲೂ ಒಂದೇ. ಆದರೂ ಕವಲಿನ ಮೇಲೆ ಬೀಳುವ ಭಾರ ಒಂದೇ ಅಲ್ಲ.

ನೀವೂ ನಿಮ್ಮ ಸಲಕರಣೆಯೂ ಸೇರಿ 80 ಕೆಜಿ ಎಂದುಕೊಳ್ಳಿ. ಮೊದಲನೆಯದು ಓಡುವ ಹಗ್ಗ. ಹಗ್ಗ ಕವಲಿನ ಮೇಲೆ ಹಾದು ಎರಡೂ ಕಡೆ ಇಳಿಯುತ್ತದೆ. ಒಂದು ತುದಿ ನಿಮ್ಮ ಹಾರ್ನೆಸ್‌ಗೆ, ಅಂದರೆ ಸೊಂಟಕ್ಕೂ ತೊಡೆಗೂ ಕಟ್ಟಿಕೊಂಡ ಪಟ್ಟಿಗೆ. ಇನ್ನೊಂದು ಎಳೆಯನ್ನು ಜಾರಿ ಹಿಡಿಯುವ ಗಂಟು (ಕೈಯಿಂದ ಸರಿಸಿದರೆ ಜಾರುತ್ತದೆ, ಭಾರ ಬಿದ್ದರೆ ಹಿಡಿಯುತ್ತದೆ) ಹಿಡಿದಿರುತ್ತದೆ, ಅದೂ ನಿಮ್ಮ ಹಾರ್ನೆಸ್‌ಗೇ ಸೇರಿರುತ್ತದೆ. ಎರಡೂ ಎಳೆ ನಿಮ್ಮನ್ನೇ ಹೊತ್ತಿರುವುದರಿಂದ ಒಂದೊಂದಕ್ಕೆ ಸುಮಾರು 40 ಕೆಜಿ. ಕವಲಿನ ಮೇಲೆ ಒಟ್ಟು 80.

ಎರಡನೆಯದು ಬುಡದ ಆಂಕರ್. ಹಗ್ಗದ ಒಂದು ತುದಿಯನ್ನು ಕಾಂಡದ ಬುಡಕ್ಕೆ ಕಟ್ಟುತ್ತೀರಿ. ಅದು ಮೇಲೆ ಹೋಗಿ ಕವಲು ದಾಟಿ ಇನ್ನೊಂದು ಕಡೆ ಇಳಿಯುತ್ತದೆ. ನೀವು ಆ ಒಂಟಿ ಎಳೆಯನ್ನು ಹತ್ತುತ್ತೀರಿ. ಈಗ ಬಾವಿಯ ರಾಟೆಯನ್ನು ನೆನಪಿಸಿಕೊಳ್ಳಿ. ಕೊಡ 10 ಕೆಜಿ ಇದ್ದರೆ ಅದನ್ನು ತಡೆದು ಹಿಡಿಯಲು ನೀವೂ ಅಷ್ಟೇ ಜಗ್ಗಬೇಕು. ರಾಟೆ ತೂಗುಹಾಕಿದ ಅಡ್ಡಮರಕ್ಕೆ ಬೀಳುವುದು ಕೊಡದ ಭಾರ, ನಿಮ್ಮ ಜಗ್ಗು ಎರಡೂ ಸೇರಿ 20. ಮರದಲ್ಲೂ ಅದೇ ಕತೆ. ಈ ಕಡೆ ನಿಮ್ಮ 80, ಆ ಕಡೆ ಬುಡ ಹಿಡಿದಿರುವ 80. ಕವಲಿನ ಮೇಲೆ ಹತ್ತಿರ ಹತ್ತಿರ 160 ಕೆಜಿ! ತೊಗಟೆಯ ಉಜ್ಜಾಟದಿಂದ ಇದು ಒಂದಷ್ಟು ತಗ್ಗುತ್ತದೆ. ಆದರೂ ಲೆಕ್ಕ ಹಾಕುವಾಗ ಪೂರ್ತಿ ಎರಡು ಪಟ್ಟೇ ಹಿಡಿಯಿರಿ. ಹತ್ತುವಾಗ ಮೈ ಕುಲುಕುತ್ತದೆ, ಆಗ ಭಾರ ಇನ್ನೂ ಏರುತ್ತದೆ.

ಮೂರನೆಯದು ಮೇಲಿನ ಆಂಕರ್. ಹಗ್ಗದಲ್ಲೊಂದು ಕುಣಿಕೆ ಮಾಡಿ, ಅದು ಮೇಲೆ ಹೋಗಿ ಕವಲನ್ನೇ ಬಿಗಿದುಕೊಳ್ಳುವಂತೆ ಮಾಡುವುದು. ಭಾರ ಹೊರುವುದು ಒಂದೇ ಎಳೆ. ಕವಲಿಗೆ ನಿಮ್ಮ 80 ಮಾತ್ರ.

ಹಾಗಾದರೆ ಎಲ್ಲರೂ ಮೂರನೆಯದನ್ನೇ ಕಟ್ಟಬಹುದಲ್ಲ? ಅಷ್ಟು ಸುಲಭವಿಲ್ಲ. ಮೇಲೆ ಬಿಗಿದ ಹಗ್ಗವನ್ನು, ಅದರಲ್ಲಿ ಒಬ್ಬರು ನೇತಾಡುತ್ತಿರುವಾಗ, ನೆಲದಿಂದ ಸಡಿಲಿಸಲು ಬರುವುದಿಲ್ಲ. ಹತ್ತಿದವರಿಗೆ ಪೆಟ್ಟಾದರೆ ಇನ್ನೊಬ್ಬರು ಮೇಲೆ ಹೋಗಿಯೇ ಇಳಿಸಬೇಕು. ಬುಡದ ಆಂಕರ್‌ನಲ್ಲಿ ಕೆಳಗಿದ್ದವರೇ ಇಳಿಸಬಹುದು. ಅದಕ್ಕೆ ಬುಡದಲ್ಲಿ ಸುಮ್ನೆ ಗಂಟು ಹಾಕದೆ, ಭಾರವಿದ್ದಾಗಲೂ ಹಗ್ಗ ಬಿಡಬಲ್ಲ ಇಳಿಸುವ ಸಾಧನವನ್ನು ಕಟ್ಟಿ ಬೀಗ ಹಾಕಿರಬೇಕು. ಬುಡದಲ್ಲಿ ಉಳಿದಿರುವ ಹಗ್ಗವೂ ನಿಮ್ಮನ್ನು ನೆಲ ಮುಟ್ಟಿಸುವಷ್ಟು ಉದ್ದವಿರಬೇಕು. ಹಾರ್ನೆಸ್‌ನಲ್ಲಿ ಅಲುಗಾಡದೆ ನೇತಾಡುವವರ ಕಾಲಿನಲ್ಲಿ ರಕ್ತ ನಿಲ್ಲುತ್ತದೆ, ಪ್ರಜ್ಞೆ ತಪ್ಪಬಹುದು. ಅಂಥ ಹೊತ್ತಿನಲ್ಲಿ ನಿಮಿಷಗಳೇ ಲೆಕ್ಕ. ಅದಕ್ಕೇ, ಕವಲು ನಿಜವಾಗಿ ದಪ್ಪವಿದ್ದರೆ ಕಲಿಯುವವರಿಗೆ ನಾನು ಬುಡದ ಆಂಕರ್ ಕಟ್ಟಿಸುತ್ತೇನೆ. ಕವಲಿನ ಬಗ್ಗೆ ಎಳ್ಳಷ್ಟು ಅನುಮಾನ ಇದ್ದರೂ ಬೇರೆ ಕವಲು ಹುಡುಕುತ್ತೇನೆ. ಆಂಕರ್ ಬಗೆ ಬದಲಿಸಿ ಅನುಮಾನದ ಕವಲನ್ನೇ ಬಳಸುವುದಿಲ್ಲ.

ದಿಕ್ಕಿನ ಮಾತು ಉಳಿಯಿತು. ಕವಲನ್ನು ಎಳೆಯುವ ಬಲ ಎರಡು ಎಳೆಗಳ ನಡುವಿನ ದಿಕ್ಕಿಗಿರುತ್ತದೆ. ಎರಡೂ ಎಳೆ ಕಾಂಡದ ಪಕ್ಕದಲ್ಲೇ ಇಳಿದರೆ ಬಲ ನೇರ ಕೆಳಕ್ಕೆ. ನಿಂತ ಕಾಂಡ ಅದನ್ನು ಚೆನ್ನಾಗಿ ಹೊರುತ್ತದೆ. ಬುಡದ ತುದಿಯನ್ನು ದೂರದ ಇನ್ನೊಂದು ಮರಕ್ಕೆ ಕಟ್ಟಿದರೆ ಬಲ ಪಕ್ಕಕ್ಕೆ ತಿರುಗುತ್ತದೆ, ಕವಲನ್ನು ಬಾಗಿಸುತ್ತದೆ. ಅದೇ ಮರದ ಬುಡವೇ ಸರಿ.

ಕಟ್ಟುವುದು

ಓಡುವ ಹಗ್ಗಕ್ಕೆ ತೊಗಟೆಯೇ ಶತ್ರು, ತೊಗಟೆಗೆ ಹಗ್ಗ ಶತ್ರು. ಮರ ಬೆಳೆಯುವ ತೆಳು ಪದರ ತೊಗಟೆಯ ಕೆಳಗೇ ಇರುತ್ತದೆ. ಹಗ್ಗ ಉಜ್ಜಿ ಉಜ್ಜಿ ಅದನ್ನು ಗಾಯ ಮಾಡುತ್ತದೆ. ಎರಡು ಬಳೆಗಳಿರುವ ಪಟ್ಟಿಯೊಂದು ಸಿಗುತ್ತದೆ. ಪಟ್ಟಿ ಕವಲನ್ನು ಬಳಸಿರುತ್ತದೆ, ಹಗ್ಗ ಬಳೆಗಳೊಳಗೆ ಓಡುತ್ತದೆ. ಒಂದು ಬಳೆ ದೊಡ್ಡದು, ಒಂದು ಸಣ್ಣದು. ಇಳಿದ ಮೇಲೆ ಹಗ್ಗದ ತುದಿಯಲ್ಲಿ ಗಂಟು ಹಾಕಿ ಎಳೆದರೆ ಗಂಟು ದೊಡ್ಡದರಲ್ಲಿ ನುಸುಳಿ ಸಣ್ಣದಕ್ಕೆ ಸಿಕ್ಕಿ, ಪಟ್ಟಿ ಕೆಳಗೆ ಬರುತ್ತದೆ.

ಜಾರಿ ಹಿಡಿಯುವ ಗಂಟುಗಳಲ್ಲಿ ಹಳೆಯದು ಪ್ರೂಸಿಕ್. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ಅದನ್ನು ಪರಿಚಯಿಸಿದರು. ಮರ ಹತ್ತುವವರು ಬ್ಲೇಕ್ಸ್ ಹಿಚ್ ಅನ್ನೂ ತುಂಬ ಬಳಸುತ್ತಾರೆ. ಒಂದು ಎಚ್ಚರಿಕೆ: ಇಂಥ ಗಂಟನ್ನು ಮಾತ್ರ ನಂಬಿ ಒಂಟಿ ಎಳೆಯಲ್ಲಿ ಇಳಿಯಬೇಡಿ. ಪೂರ್ತಿ ಭಾರ ಗಂಟಿನ ಮೇಲೇ ಬಿದ್ದು ಬಿಸಿಯಾಗುತ್ತದೆ, ಬಿಗಿದುಕೊಳ್ಳುತ್ತದೆ ಇಲ್ಲವೇ ಜಾರುತ್ತದೆ. ಒಂಟಿ ಎಳೆಗೆಂದೇ ಮಾಡಿದ ಸಾಧನ ಬೇಕು.

ಮೇಲಿನ ಆಂಕರ್‌ಗೆ ಆಲ್ಪೈನ್ ಬಟರ್‌ಫ್ಲೈ ಕುಣಿಕೆ ಚೆನ್ನ. ಹಗ್ಗದ ನಡುವೆಯೇ ಕಟ್ಟಬಹುದು, ಭಾರ ಬಿದ್ದ ಮೇಲೂ ಬಿಚ್ಚಲು ಸುಲಭ. ಎರಡೂ ಎಳೆ ನೆಲಕ್ಕೆ ಬಂದಿರುವಾಗ ಒಂದರಲ್ಲಿ ಕುಣಿಕೆ ಮಾಡಿ, ಇನ್ನೊಂದನ್ನು ಅದರೊಳಗೆ ತೂರಿಸಿ. ತೂರಿಸಿದ ಎಳೆಯನ್ನು ಎಳೆದಂತೆ ಕುಣಿಕೆ ಮೇಲೇರಿ ಕವಲನ್ನು ಬಿಗಿಯುತ್ತದೆ. ಕುಣಿಕೆಯ ಕೆಳಗೆ ಉಳಿದ ಹಗ್ಗ ನೆಲದವರೆಗೆ ಬರಬೇಕು, ನೀವು ಇಳಿದ ಮೇಲೆ ಕುಣಿಕೆಯನ್ನು ಕೆಳಗೆ ಎಳೆದುಕೊಳ್ಳಲು ಅದೇ ದಾರಿ. ಎರಡು ಎಳೆಗಳ ನಡುವೆ ಬೇರೆ ಟೊಂಗೆ ಸಿಕ್ಕಿರಬಾರದು. ಸಿಕ್ಕಿದ್ದರೆ ಕುಣಿಕೆ ಕವಲು ಮುಟ್ಟಿದಂತೆ ಕಾಣುತ್ತದೆ, ನಿಜವಾಗಿ ನಿಂತಿರುವುದು ಆ ಟೊಂಗೆಯ ಮೇಲೆ. ಭಾರ ಹಾಕಿದಾಗ ಟೊಂಗೆ ಮುರಿದು ನೀವು ಧಡಕ್ಕನೆ ಕೆಳಗೆ ಬೀಳುತ್ತೀರಿ.

ಗಂಟು ಯಾವುದೇ ಇರಲಿ, ಹಗ್ಗದ ಬಲವನ್ನು ಕಾಲು ಭಾಗವೋ ಮೂರನೇ ಒಂದು ಭಾಗವೋ ಕಡಿಮೆ ಮಾಡುತ್ತದೆ. ಹಗ್ಗಕ್ಕೆ ಅಷ್ಟು ದೊಡ್ಡ ಸಂಖ್ಯೆ ಬೇಕಾಗಿರುವುದು ಇದಕ್ಕೂ ಹೌದು. ಗಂಟು ಕಟ್ಟಿ, ಎಳೆಗಳು ಅಡ್ಡಾದಿಡ್ಡಿ ಆಗದಂತೆ ಜೋಡಿಸಿ, ಎಲ್ಲ ಕಡೆಯಿಂದ ಎಳೆದು ಬಿಗಿಯಿರಿ. ಕ್ಯಾರಬಿನರ್ ತಾನಾಗಿ ಬೀಗ ಬೀಳುವ ಬಗೆಯದಿರಲಿ. ಅದು ಕೊಂಬೆಗೆ ಒತ್ತಿಕೊಂಡು ಅಡ್ಡ ಭಾರ ಬೀಳುವಂತೆ ಇಡಬೇಡಿ, ಉದ್ದಕ್ಕೆ ಇರುವ ಬಲ ಅಡ್ಡಕ್ಕೆ ಇರುವುದಿಲ್ಲ. ಹಗ್ಗದ ತುದಿಗೆ ತಡೆ ಗಂಟು ಮರೆಯಬೇಡಿ.

ಜಗ್ಗಿ ನೋಡುವುದು

ಈಗ ಪರೀಕ್ಷೆ. ಹತ್ತುವುದು ಒಬ್ಬರಾದರೂ ಜಗ್ಗುವುದು ಇಬ್ಬರು. ಬುಡದ ಆಂಕರ್ ಇದ್ದರೆ ಮೊದಲು ಅದನ್ನು ಕಟ್ಟಿ ಮುಗಿಸಿ, ಆಮೇಲೆ ಹತ್ತುವ ಎಳೆಗೆ ಇಬ್ಬರೂ ಜೋತುಬೀಳಿ. ಓಡುವ ಹಗ್ಗವಾದರೆ ಎರಡೂ ಎಳೆಯನ್ನು ಒಟ್ಟಿಗೆ ಹಿಡಿಯಿರಿ. ಮೊದಲು ನಿಧಾನವಾಗಿ ಭಾರ ಬಿಡಿ. ನಂತರ ಮೆಲ್ಲಗೆ ಕುಲುಕಿ. ಹೆಲ್ಮೆಟ್ ತಲೆಯ ಮೇಲಿರಲಿ, ಕವಲಿನ ನೇರ ಕೆಳಗೆ ನಿಲ್ಲಬೇಡಿ. ಮೂರನೆಯವರೊಬ್ಬರು ದೂರದಿಂದ ಕವಲನ್ನೇ ನೋಡುತ್ತಿರಲಿ.

ಕಿವಿ ತೆರೆದಿರಲಿ. ಒಮ್ಮೆ ನಾವು ಹೀಗೆ ಜಗ್ಗುವಾಗ ಎರಡನೇ ಕುಲುಕಿಗೆ ಮೇಲೆ ಚಟ್ ಎಂದಿತು. ಕೊಂಬೆ ಮುರಿಯಲಿಲ್ಲ. ಎಲೆ ಹಸಿರಾಗಿತ್ತು, ದಪ್ಪವೂ ಇತ್ತು. ನಾವು ಹಗ್ಗ ಇಳಿಸಿ ಬೇರೆ ಕವಲಿಂದ ಹತ್ತಿ ಹೋಗಿ ನೋಡಿದರೆ, ಕೆಳಗಿಂದ ಕಾಣದ ಮೇಲ್ಮಗ್ಗುಲಲ್ಲಿ ಅಂಗೈ ಅಗಲದ ಪೊಟರೆ. ಅವತ್ತಿಂದ ನಾನು ಈ ಹಂತವನ್ನು ಒಂದು ದಿನವೂ ಬಿಟ್ಟಿಲ್ಲ.

ಹತ್ತಿದ ಮೇಲೆ

ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ನಿಂತು ಎಲ್ಲವನ್ನೂ ಪರೀಕ್ಷಿಸಿ. ಗಂಟು ಹಿಡಿಯುತ್ತಿದೆಯೇ, ಇಳಿಯಲು ಬರುತ್ತಿದೆಯೇ, ಹಾರ್ನೆಸ್ ಸರಿಯಿದೆಯೇ. ಜೊತೆಗಿದ್ದವರು ಕೈಯಿಂದ ಮುಟ್ಟಿ ನೋಡಲಿ.

ಆಂಕರ್‌ಗಿಂತ ಮೇಲೆ ಹೋಗಬೇಡಿ. ಹಗ್ಗ ಸಡಿಲ ಬಿಡಬೇಡಿ. ಈ ಹಗ್ಗ ಹೆಚ್ಚು ಹಿಗ್ಗುವುದಿಲ್ಲ, ಹಾಗಾಗಿ ಒಂದು ಮೀಟರ್ ಬಿದ್ದರೂ ನಿಮ್ಮ ತೂಕದ ಹಲವು ಪಟ್ಟು ಏಟು ನಿಮ್ಮ ಮೈಗೂ ಕವಲಿಗೂ ಬೀಳುತ್ತದೆ. ಆಂಕರ್ ಬದಲಿಸುವಾಗ ಹಳೆಯದನ್ನು ಬಿಚ್ಚುವ ಮೊದಲು ಲ್ಯಾನ್ಯಾರ್ಡನ್ನು, ಅಂದರೆ ಹಾರ್ನೆಸ್‌ಗೆ ಸೇರಿದ ಗಿಡ್ಡ ಹಗ್ಗವನ್ನು, ಕಾಂಡದ ಸುತ್ತ ಬಳಸಿ ಕಟ್ಟಿಕೊಳ್ಳಿ. ಮೇಲೆ ಗರಗಸ ಹಿಡಿಯುವುದಾದರೆ ಎರಡು ಕಡೆ ಕಟ್ಟಿಕೊಂಡಿರಲೇಬೇಕು. ಪಕ್ಕದ ಕೊಂಬೆಗೆ ದೂರ ಸರಿದಷ್ಟೂ ಕಾಲು ಜಾರಿದರೆ ಲೋಲಕದಂತೆ ಬೀಸಿ ಕಾಂಡಕ್ಕೆ ಬಡಿಯುತ್ತೀರಿ, ಅದೂ ಗಮನದಲ್ಲಿರಲಿ.

ಇಳಿದ ಮೇಲೆ ಹಗ್ಗ ಎಳೆಯುವ ಮೊದಲು ಕೆಳಗಿದ್ದವರಿಗೆ ಕೂಗಿ ಹೇಳಿ. ಮನೆಗೆ ಒಯ್ಯುವ ಮುಂಚೆ ಇಡೀ ಹಗ್ಗವನ್ನು ಬೆರಳುಗಳ ನಡುವೆ ಹಾಯಿಸಿ. ಮೆತ್ತಗಾದ ಜಾಗ, ಉಬ್ಬು, ಸುಟ್ಟು ಹೊಳೆಯುವ ಕಲೆ, ಕಿತ್ತ ಎಳೆ ಸಿಕ್ಕರೆ ಅದು ಇನ್ನು ಹತ್ತುವ ಹಗ್ಗವಲ್ಲ. ಮೂಲೆಯಲ್ಲಿ ಇಟ್ಟರೆ ಇನ್ನೊಂದು ದಿನ ಯಾರೋ ಗೊತ್ತಿಲ್ಲದೆ ಎತ್ತಿಕೊಂಡು ಹೋಗುತ್ತಾರೆ. ಮೀಟರ್ ಉದ್ದದ ತುಂಡುಗಳಾಗಿ ಕತ್ತರಿಸಿಬಿಡಿ. ಗಂಟು ಕಟ್ಟುವ ಅಭ್ಯಾಸಕ್ಕೆ ಆಗುತ್ತವೆ.