ಕಿಟ್ ಇಲ್ಲದೆ ಎಚ್‌ಎಲ್‌ಎ-ಸಿ*06:02: ಸೋರಿಯಾಸಿಸ್ ಜೀನೋಟೈಪಿಂಗ್‌ನಲ್ಲಿ ನನ್ನ ಅನುಭವ

ಸೋರಿಯಾಸಿಸ್ ಎಂಬ ಚರ್ಮರೋಗದ ಜೊತೆ ನಂಟಿರುವ ಜೀನ್ ರೂಪ (ಅಲೀಲ್) ಎಚ್‌ಎಲ್‌ಎ-ಸಿ*06:02. ಅದನ್ನು ಕಿಟ್ ಇಲ್ಲದೆ, ಬರೀ ಪ್ರೈಮರ್ (ಬೇಕಾದ ಜಾಗಕ್ಕೆ ಹೋಗಿ ಕೂರುವ ಚಿಕ್ಕ ಡಿಎನ್‌ಎ ತುಣುಕು) ತರಿಸಿ ಅಗರೋಸ್ ಜೆಲ್‌ನಲ್ಲೇ ನೋಡುತ್ತೇವೆ ಎಂದಾಗ ಆಗದ ಮಾತು ಎಂದವರೇ ಹೆಚ್ಚು. ಆಯಿತು. ಹತ್ತಕ್ಕೊಂದರಂತೆ ಸ್ಯಾಂಪಲ್‌ಗಳನ್ನು ಸ್ಯಾಂಗರ್ ಸೀಕ್ವೆನ್ಸಿಂಗ್‌ಗೆ (ಡಿಎನ್‌ಎಯ ಬೇಸ್‌ಗಳನ್ನು ನೇರವಾಗಿ ಓದುವ ವಿಧಾನ) ಕಳಿಸಿ ತಾಳೆ ನೋಡಿದೆವು, ಒಂದೂ ಅದಲುಬದಲಾಗಲಿಲ್ಲ. ಪ್ರೈಮರ್‌ಗೆ ಒಂದು ಬೇಸ್‌ಗೆ ಹದಿನೈದು ರೂಪಾಯಿ ಆಸುಪಾಸು ಬಿತ್ತು. ಸೀಕ್ವೆನ್ಸಿಂಗ್ ಬಿಟ್ಟರೆ ಸ್ಯಾಂಪಲ್‌ಗೆ ನೂರು ರೂಪಾಯಿ ದಾಟಲಿಲ್ಲ.

ಅಲೀಲ್ ಬದಲು ಅದರ ಗುರುತಾಗಿ ನೋಡುವ ಒಂದೇ ಬೇಸ್‌ನ ವ್ಯತ್ಯಾಸ, ಅಂದರೆ ಆರ್‌ಎಸ್10484554 ಎಂಬ ಪ್ರಾಕ್ಸಿ ಎಸ್‌ಎನ್‌ಪಿ, ಸಾಕಲ್ಲವೇ ಎನ್ನುವವರಿದ್ದಾರೆ. ಅಲೀಲ್ ಜೊತೆ ಅದರ ನಂಟು ಜನಸಮುದಾಯದಿಂದ ಸಮುದಾಯಕ್ಕೆ ಬದಲಾಗುತ್ತದೆ. ಯುರೋಪಿನ ಲೆಕ್ಕವನ್ನು ನಮ್ಮವರ ಮೇಲೆ ಹೊರಿಸುವುದಕ್ಕಿಂತ ಅಲೀಲ್ ಅನ್ನೇ ನೋಡುವುದು ಮೇಲು.

ರಕ್ತ, ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನಲ್ಲೇ ಇರಲಿ. ಹೆಪಾರಿನ್ ಇದ್ದರೆ ಪಿಸಿಆರ್ (ಡಿಎನ್‌ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ಕ್ರಮ) ಕೈಕೊಡುತ್ತದೆ. ಅರ್ಧ ತುಂಬಿದ ಟ್ಯೂಬ್ ಕೂಡ ಬೇಡ, ಹೆಚ್ಚಾದ ಇಡಿಟಿಎ ಪಿಸಿಆರ್‌ಗೆ ಬೇಕಾದ ಮೆಗ್ನೀಸಿಯಂ ಹಿಡಿದುಕೊಳ್ಳುತ್ತದೆ. ಡಿಎನ್‌ಎ ತೆಗೆಯಲು ಸಾಲ್ಟಿಂಗ್ ಔಟ್ (ಉಪ್ಪಿನಿಂದ ಪ್ರೋಟೀನ್ ಬೇರ್ಪಡಿಸುವ ವಿಧಾನ) ಸಾಕು. ಮೂರು ಎಂಎಲ್ ರಕ್ತಕ್ಕೆ ಅರವತ್ತು ಎಪ್ಪತ್ತು ಮೈಕ್ರೋಗ್ರಾಂ ಸಿಗುತ್ತದೆ. ತಳದಲ್ಲಿ ಕೂತ ಡಿಎನ್‌ಎ ಪೆಲೆಟ್ ಕಂದು ಬಣ್ಣಕ್ಕಿದ್ದರೆ ಹೀಮ್ (ರಕ್ತದ ಕೆಂಪು ವಸ್ತು) ಉಳಿದಿದೆ ಎಂದೇ ಅರ್ಥ, 70 ಶೇಕಡಾ ಎಥನಾಲ್‌ನಲ್ಲಿ ಇನ್ನೊಮ್ಮೆ ತೊಳೆಯಿರಿ.

ದುಡ್ಡು ಹಾಳಾಗುವುದೆಲ್ಲ ಎಸ್‌ಎಸ್‌ಪಿಯಲ್ಲಿ, ಅಂದರೆ ಬೇಕಾದ ಅಲೀಲ್‌ಗಷ್ಟೇ ಹೊಂದುವ ಪ್ರೈಮರ್‌ಗಳ ಪಿಸಿಆರ್‌ನಲ್ಲಿ. ಎಚ್‌ಎಲ್‌ಎ-ಸಿಯ ಅಲೀಲ್‌ಗಳು ಎಕ್ಸಾನ್ (ಪ್ರೋಟೀನ್ ಸಂಕೇತವಿರುವ ಭಾಗ) 2 ಮತ್ತು 3ರ ತುಣುಕುಗಳನ್ನು ತಮ್ಮತಮ್ಮಲ್ಲೇ ಹಂಚಿಕೊಂಡಿವೆ, ಜೊತೆಗೆ ಎಚ್‌ಎಲ್‌ಎ-ಬಿ ಜೀನ್ ಕೂಡ ಅವನ್ನು ಹೋಲುತ್ತದೆ. ಒಂದು ಕಡೆಯ ಪ್ರೈಮರ್ ಮಾತ್ರ ನಿರ್ದಿಷ್ಟವಾಗಿದ್ದರೆ ಸುಳ್ಳು ಬ್ಯಾಂಡ್ ಖಂಡಿತ. ಎರಡೂ ಪ್ರೈಮರ್‌ಗಳ 3' ತುದಿ ವ್ಯತ್ಯಾಸದ ಬೇಸ್ ಮೇಲೇ ಕೂರಬೇಕು. ಪ್ರೂಫ್‌ರೀಡಿಂಗ್ ಪಾಲಿಮರೇಸ್ (ತಪ್ಪು ತಿದ್ದುತ್ತಾ ಡಿಎನ್‌ಎ ನಕಲಿಸುವ ಎಂಜೈಮ್) ದುಬಾರಿ ಎಂಬ ಕಾರಣಕ್ಕೆ ಒಳ್ಳೆಯದೆಂದು ಹಾಕಬೇಡಿ. ಹೊಂದದ ತುದಿಯನ್ನು ಅದು ಕಡಿದು ಸರಿಪಡಿಸುತ್ತದೆ, ಆಗ ಎಲ್ಲರೂ ಪಾಸಿಟಿವ್! ಸಾದಾ ಟ್ಯಾಕ್ ಪಾಲಿಮರೇಸ್ ಸಾಕು, ಆದರೆ ಹಾಟ್ ಸ್ಟಾರ್ಟ್ (ಬಿಸಿಯಾದ ಮೇಲಷ್ಟೇ ಕೆಲಸ ಶುರುಮಾಡುವ ಬಗೆ) ಇರಲಿ. ಮೊದಲ ಐದು ಸೈಕಲ್ 70 ಡಿಗ್ರಿಯಲ್ಲಿ ಅನೀಲಿಂಗ್ (ಪ್ರೈಮರ್ ಕೂರುವ ಹಂತ), ಆಮೇಲೆ ಇಪ್ಪತ್ತರಷ್ಟು 65ರಲ್ಲಿ, ಕೊನೆಯ ನಾಲ್ಕೈದು 55ರಲ್ಲಿ. ಎಲ್ಲರಲ್ಲೂ ಬ್ಯಾಂಡ್ ಕೊಡಬೇಕಾದ ಗ್ರೋತ್ ಹಾರ್ಮೋನ್ ಜೀನ್‌ನ ಕಂಟ್ರೋಲ್ ಪ್ರೈಮರ್ ಜೋಡಿ ಪ್ರತಿ ಟ್ಯೂಬಿನಲ್ಲೂ ಇರಲೇಬೇಕು, ಮುಖ್ಯ ಪ್ರೈಮರ್‌ನ ಐದನೇ ಒಂದು ಭಾಗದಷ್ಟು. ಜಾಸ್ತಿಯಾದರೆ ಅದೇ ಎಲ್ಲ ನುಂಗಿ ನಿಜವಾದ ಪಾಸಿಟಿವ್ ಮಾಯವಾಗುತ್ತದೆ. ಕಂಟ್ರೋಲ್ ಬ್ಯಾಂಡ್ ಇಲ್ಲದ ನೆಗೆಟಿವ್, ನೆಗೆಟಿವ್ ಅಲ್ಲ. 

ಸೋರಿಯಾಸಿಸ್ ಜೊತೆ ನಂಟಿರುವ ಇನ್ನೊಂದು ಜೀನ್ ಐಎಲ್12ಬಿಯ ಆರ್‌ಎಸ್3212227 ಎಸ್‌ಎನ್‌ಪಿಗೆ ಟ್ಯಾಕ್-1 ಆರ್‌ಎಫ್‌ಎಲ್‌ಪಿ, ಅಂದರೆ ಡಿಎನ್‌ಎ ಕತ್ತರಿಸುವ ಎಂಜೈಮ್ ಹಾಕಿ ತುಣುಕುಗಳ ಗಾತ್ರ ನೋಡುವುದು (ಈ ಟ್ಯಾಕ್-1 ಮೇಲಿನ ಟ್ಯಾಕ್ ಅಲ್ಲ). ಸಿ ಅಲೀಲ್ ಇದ್ದರೆ ಅದು ಕತ್ತರಿಸುತ್ತದೆ. ಸೋರಿಯಾಸಿಸ್ ರಿಸ್ಕ್ ಇರುವ ಎ ಅಲೀಲ್ ಹಾಗೇ ಉಳಿಯುತ್ತದೆ. ಈ ಎಂಜೈಮ್‌ಗೆ 65 ಡಿಗ್ರಿ ಬೇಕು. ವಾಟರ್ ಬಾತ್‌ನಲ್ಲಿಟ್ಟರೆ ನೀರು ಆವಿಯಾಗಿ ಮುಚ್ಚಳಕ್ಕೆ ಅಂಟಿ, ಕತ್ತರಿಸುವುದು ಅರ್ಧಕ್ಕೇ ನಿಲ್ಲುತ್ತದೆ. ಆಗ ಸಿಸಿ ಇದ್ದವರು ಎಸಿಯಂತೆ ಕಾಣುತ್ತಾರೆ. ರೋಗವಿಲ್ಲದವರ ಕಂಟ್ರೋಲ್ ಗುಂಪಿನಲ್ಲಿ ಹೆಟರೋಜೈಗೋಟ್ (ಎರಡು ಬೇರೆ ಅಲೀಲ್ ಇರುವವರು) ಜಾಸ್ತಿಯಾಗಿ ಹಾರ್ಡಿ-ವೈನ್‌ಬರ್ಗ್ ಲೆಕ್ಕ (ಅಲೀಲ್ ಜೋಡಿಗಳ ನಿರೀಕ್ಷಿತ ಪ್ರಮಾಣ) ತಪ್ಪಿದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಬಿಸಿ ಮುಚ್ಚಳದ ಥರ್ಮಲ್ ಸೈಕ್ಲರ್‌ನಲ್ಲಿ ಮೂರು ಗಂಟೆ ಇಡಿ, ಪಿಸಿಆರ್ ಪ್ರಾಡಕ್ಟ್ ಒಟ್ಟು ಗಾತ್ರದ ಮೂರನೇ ಒಂದು ಮೀರದಿರಲಿ. ಎಲ್ಲರಲ್ಲೂ ಕತ್ತರಿಸುವ ಇನ್ನೊಂದು ಟ್ಯಾಕ್-1 ಜಾಗ ಪ್ರಾಡಕ್ಟ್ ಒಳಗೇ ಬರುವಂತೆ ಪ್ರೈಮರ್ ಸರಿಸಿಕೊಂಡರೆ, ಡೈಜೆಷನ್ (ಕತ್ತರಿಸುವುದು) ಪೂರ್ತಿಯಾಯಿತೇ ಎಂದು ಅದೇ ಲೇನ್ ಹೇಳುತ್ತದೆ.

ಲೆಕ್ಕಕ್ಕೆ ಕೂರುವ ಮುಂಚೆ ರೋಗಿಗಳನ್ನು 40 ವರ್ಷದ ಒಳಗೆ ಶುರುವಾದವರು, ಆಮೇಲೆ ಶುರುವಾದವರು ಎಂದು ಬೇರೆ ಮಾಡಿ. ಸಿ*06:02 ನಂಟು ಮೊದಲಿನವರಲ್ಲೇ ಬಲ, ಹನಿಯಂಥ ಚಿಕ್ಕ ಮಚ್ಚೆಗಳ ಗಟ್ಟೇಟ್ ಬಗೆಯಲ್ಲಿ ಇನ್ನೂ ಬಲ. ಇಆರ್‌ಎಪಿ1 ಎಂಬ ಇನ್ನೊಂದು ಜೀನ್‌ನ ಪರಿಣಾಮ ಸಿ*06:02 ಇದ್ದವರಲ್ಲಿ ಮಾತ್ರ ಎಂದು 2010ರಲ್ಲೇ ಯುರೋಪಿನ ಅಧ್ಯಯನ ತೋರಿಸಿದೆ. ಎರಡನ್ನೂ ಒಟ್ಟಿಗೆ ಟೈಪ್ ಮಾಡದಿದ್ದರೆ ಅದು ಕೈಗೆ ಸಿಗುವುದಿಲ್ಲ. ಸಿ*06:02 ಪಾಸಿಟಿವ್ ಬಂದ ಆರೋಗ್ಯವಂತರಿಗೆ ರೋಗ ಬರುತ್ತದೆ ಎಂದು ಹೇಳಿಬಿಡಬೇಡಿ, ಹೆಚ್ಚಿನವರಿಗೆ ಬರುವುದೇ ಇಲ್ಲ.

ನಡುವೆ ರಕ್ತದ ಬದಲು ಕೆನ್ನೆಯ ಒಳಗಿನ ಸ್ವಾಬ್ ಕೂಡ ಪರೀಕ್ಷಿಸಿದೆವು. ಎಲೆಅಡಿಕೆ ಹಾಕುವವರ ಸ್ವಾಬ್‌ನಲ್ಲಿ ಡಿಎನ್‌ಎ ಕೆಂಪಗೆ ಬಂದು ಕಂಟ್ರೋಲ್ ಬ್ಯಾಂಡೇ ಏಳುತ್ತಿರಲಿಲ್ಲ, ಪಿಸಿಆರ್ ತಡೆಯುವ ಪಾಲಿಫಿನಾಲ್‌ಗಳ ಕಾಟ. ಎರಡು ಸಲ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ತೆಗೆದ ಸ್ವಾಬ್‌ಗೆ ಪಿಸಿಆರ್‌ನಲ್ಲಿ ಮೈಕ್ರೋಲೀಟರ್‌ಗೆ 0.4 ಮೈಕ್ರೋಗ್ರಾಂ ಬಿಎಸ್‌ಎ (ದನದ ರಕ್ತದ ಪ್ರೋಟೀನ್) ಸೇರಿಸಿದರೆ ಮುಕ್ಕಾಲು ಪಾಲು ಸ್ಯಾಂಪಲ್ ಓದಬಹುದು. ಉಳಿದವರಿಂದ ರಕ್ತವನ್ನೇ ಕೇಳಬೇಕು.