ಚಿನ್ನದ ಪದರದ ಮೇಲೊಂದು ಕಪ್ಪು ಗೆರೆ: ಎಸ್‌ಪಿಆರ್ ಯಂತ್ರದ ಬೆಳಕಿನ ದಾರಿ

ಎಸ್‌ಪಿಆರ್ ಅಂದರೆ ಸರ್ಫೇಸ್ ಪ್ಲಾಸ್ಮಾನ್ ರೆಸೊನೆನ್ಸ್: ಒಂದು ನಿರ್ದಿಷ್ಟ ಕೋನದಲ್ಲಿ ಬಿದ್ದ ಬೆಳಕನ್ನು ತೆಳು ಚಿನ್ನದ ಎಲೆಕ್ಟ್ರಾನ್‌ಗಳು ಹೀರಿಕೊಳ್ಳುತ್ತವೆ, ಪ್ರತಿಫಲನ ಕುಸಿಯುತ್ತದೆ; ಚಿನ್ನಕ್ಕೆ ತಾಗಿದ ದ್ರವ ಬದಲಾದರೆ ಆ ಕೋನವೂ ಸರಿಯುತ್ತದೆ. ಇದನ್ನು ಅಳೆಯುವ ಯಂತ್ರ ಕಟ್ಟುವಾಗ ನಾನು ತಿರುಗುವ ಗೋನಿಯೋಮೀಟರ್ (ಒಂದೊಂದೇ ಕೋನಕ್ಕೆ ತಿರುಗಿಸಿ ಅಳೆಯುವ ಸಾಧನ) ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ತಿರುಗುವ ಭಾಗ ಇದ್ದರೆ ಸವೆತ, ಸಡಿಲ ಎಲ್ಲ ಇದ್ದದ್ದೇ, ಅಲ್ವಾ? ಬೇಕಾದ ಕೋನಗಳನ್ನೆಲ್ಲ ಒಟ್ಟಿಗೇ ಕಳಿಸಿದರೆ ಆಯಿತು.

ಮೂಲ ಜೋಡಣೆ ಕ್ರೆಚ್‌ಮನ್ ಮತ್ತು ರೇಥರ್ 1968ರಲ್ಲಿ ತೋರಿಸಿದ್ದೇ: ಗಾಜು, ಅದರ ಮೇಲೆ ಸುಮಾರು 50 ನ್ಯಾನೋಮೀಟರ್ ಚಿನ್ನ, ಅದರಾಚೆ ನೀರು. ಬಿಕೆ7 ಗಾಜಿಗೆ 633 ನ್ಯಾನೋಮೀಟರ್ ಬೆಳಕಿನಲ್ಲಿ ಪ್ರತಿಫಲನ ಕುಸಿಯುವ ಕೋನ ಸುಮಾರು 73 ಡಿಗ್ರಿ. ಇನ್ನೊಂದು ಬಗೆಯ ಗಾಜು ಎಸ್‌ಎಫ್10 ತಗೊಂಡರೆ 57ರ ಹತ್ತಿರ, ಜೋಡಿಸೋದು ಸುಲಭ. ಆದರೆ ದ್ರವ ಬದಲಾದಾಗ ಕೋನ ಸರಿಯೋದು ಅರ್ಧಕ್ಕರ್ಧ ಕಡಿಮೆ. ಹಾಗಾಗಿ ಬಿಕೆ7.

15 ಮಿಲಿಮೀಟರ್ ಅಗಲದ ಕಿರಣವನ್ನು 50 ಮಿಲಿಮೀಟರ್ ಫೋಕಲ್ ದೂರದ ಸಿಲಿಂಡರ್ ಲೆನ್ಸ್‌ನಿಂದ ಅರ್ಧ ಸಿಲಿಂಡರ್ ಪ್ರಿಸಂನ ನಡುವಿಗೆ ಬಿಟ್ಟೆ. 17 ಡಿಗ್ರಿ ಹರಡು ಸಿಗುತ್ತದೆ. 100 ಮಿಲಿಮೀಟರ್ ಆಚೆ 2048 ಪಿಕ್ಸೆಲ್‌ನ ಲೈನ್ ಸಿಸಿಡಿ (ಒಂದೇ ಸಾಲಿನ ಬೆಳಕಿನ ಸಂವೇದಕ), ಪಿಕ್ಸೆಲ್ 14 ಮೈಕ್ರಾನ್. ಹರಡು ಹೆಚ್ಚುಕಡಿಮೆ ಪೂರ್ತಿ ಅದರ ಮೇಲೆ ಬೀಳುತ್ತದೆ. ಒಂದು ವಿಷಯ ಮರೆಯಬಾರದು. ಚಿನ್ನ ಇರೋದು 1 ಮಿಲಿಮೀಟರ್ ದಪ್ಪದ ಸ್ಲೈಡ್ ಮೇಲೆ. ವೃತ್ತದ ಕೇಂದ್ರ ಚಿನ್ನದ ಮೇಲೇ ಬೀಳಬೇಕಾದರೆ ಪ್ರಿಸಂನ ಚಪ್ಪಟೆ ಮುಖವನ್ನು ಅಷ್ಟೇ ಉಜ್ಜಿ ತೆಗೆಸಬೇಕು. ನಡುವೆ 1.515 ವಕ್ರೀಭವನಾಂಕದ ಎಣ್ಣೆ, ಗುಳ್ಳೆ ಇಲ್ಲದ ಹಾಗೆ.

ಲೇಸರ್ ಹಾಕಲಿಲ್ಲ. ಅದರ ಬೆಳಕು ಗಾಜಿನ ಪ್ರತಿ ಮೇಲ್ಮೈಯಿಂದಲೂ ಹಿಂದಿರುಗಿ ಪಟ್ಟೆಪಟ್ಟೆಯಾಗುತ್ತದೆ, ಕುಸಿತದ ಜಾಗ ಸರಿಯಾಗಿ ಹಿಡಿಯಲಾಗಲ್ಲ. ಕೆಂಪು ಎಲ್‌ಇಡಿ, ಮುಂದೆ ಸೀಳು, 10 ನ್ಯಾನೋಮೀಟರ್ ಅಗಲದ ಬಣ್ಣವನ್ನಷ್ಟೇ ಬಿಡುವ ಫಿಲ್ಟರ್, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಪೋಲರೈಸರ್. ಫಿಲ್ಟರ್ ಕೆಲಸ ಬಣ್ಣ ಕಿರಿದು ಮಾಡೋದಷ್ಟೇ ಅಲ್ಲ. ಎಲ್‌ಇಡಿ ಬಿಸಿಯಾದಾಗ ತರಂಗಾಂತರ ಜಾರೋದನ್ನೂ ಅದು ಬಹಳಷ್ಟು ತಡೆಯುತ್ತದೆ.

ಸಿಸಿಡಿ ಹಾಕುವ ಮುಂಚೆ ಆ ಜಾಗಕ್ಕೆ ಬಿಳಿ ಕಾಗದ ಹಿಡಿದು ನೋಡಿ. ಒಣ ಚಿನ್ನಕ್ಕೆ ಸುಮ್ನೆ ಕೆಂಪು ಪಟ್ಟಿ. ಒಂದು ಹನಿ ನೀರು ಬಿಟ್ಟ ತಕ್ಷಣ ನಡುವೆ ಕಪ್ಪು ಗೆರೆ. ಆ ಒಣ ಪಟ್ಟಿಯೇ ನನ್ನ ರೆಫರೆನ್ಸ್: ಈ ಕೋನಗಳಲ್ಲಿ ಗಾಳಿಗೆ ಕುಸಿತವೇ ಇಲ್ಲ (ಅದರದ್ದು 44 ಡಿಗ್ರಿ ಹತ್ತಿರ). ಆಮೇಲಿನ ಪ್ರತಿ ಓದನ್ನೂ ಅದರಿಂದ ಭಾಗಿಸಿದರೆ ಎಲ್‌ಇಡಿಯ ಏರಿಳಿತದ ಆಕಾರ, ಲೆನ್ಸ್ ಮೇಲಿನ ಧೂಳು ಎಲ್ಲ ಮಾಯ.

ಶೇ 1ರ ಸಕ್ಕರೆ ನೀರು ಬಿಟ್ಟರೆ ಗೆರೆ 0.2 ಡಿಗ್ರಿಗಿಂತ ಸ್ವಲ್ಪ ಜಾಸ್ತಿ, ಅಂದರೆ ಸುಮಾರು 28 ಪಿಕ್ಸೆಲ್ ಸರಿಯುತ್ತದೆ. ನೀರಿನ ಉಷ್ಣತೆ 1 ಡಿಗ್ರಿ ಬದಲಾದರೂ ಎರಡು ಪಿಕ್ಸೆಲ್ ಹೋಗುತ್ತದೆ. ಹಾಗಾಗಿ ಫ್ಲೋ ಸೆಲ್‌ಗೆ (ಚಿನ್ನದ ಮೇಲೆ ದ್ರವ ಹರಿಸುವ ಪುಟ್ಟ ಕೋಶ) ಉಷ್ಣತೆ ಸ್ಥಿರವಾಗಿಡಲು ಪೆಲ್ಟಿಯರ್ (ವಿದ್ಯುತ್ತಿನಿಂದ ಬಿಸಿ-ತಂಪು ಮಾಡುವ ಫಲಕ) ಕೂರಿಸಿದ ಮೇಲಷ್ಟೇ ಪ್ರೋಟೀನ್ ಕೈಗೆತ್ತಿಕೊಂಡೆ.